ಫಿಲ್ಮ್ ಕಾಲದ ಲೆನ್ಸ್ ಡಿಜಿಟಲ್ ಕ್ಯಾಮೆರಾಗೆ ಬರುವುದೇ ಇಲ್ಲವೇ?

'ಹಳೆಯ ಲೆನ್ಸ್ ಗುಜರಿಗೆ ಹಾಕಿ', 'ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಚೆನ್ನ'. ಈ ಮಾತುಗಳನ್ನು ನಂಬಿ, ವರ್ಷಗಟ್ಟಲೆ ರೋಲ್ ಹಾಕಿ ಫೋಟೋ ತೆಗೆದವರು ಒಳ್ಳೆಯ ಲೆನ್ಸ್‌ಗಳನ್ನು ಪುಡಿಗಾಸಿಗೆ ಮಾರಿಬಿಡುತ್ತಾರೆ. ಎರಡೂ ಪೂರ್ತಿ ನಿಜವಲ್ಲ.

ಮೊದಲು ಮೌಂಟ್ ನೋಡಿ. ನಿಕಾನ್‌ನ ಎಫ್ ಮೌಂಟ್ 1959ರಲ್ಲಿ ಬಂದದ್ದು. ಅದರ ಹಲವು ಹಳೆಯ ಲೆನ್ಸ್‌ಗಳು ನಿಕಾನ್ ಡಿಎಸ್ಎಲ್ಆರ್‌ಗೆ ಕೂರುತ್ತವೆ. ಆದರೆ 1977ಕ್ಕಿಂತ ಹಿಂದಿನವು ಕೆಲವು ಬಾಡಿಗಳಿಗೆ ಹಾನಿ ಮಾಡಬಹುದು, ವಿಚಾರಿಸದೆ ಹಾಕಬೇಡಿ. ಡಿ3500ರಂಥ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಹಾಗಾಗಿ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಕ್ಯಾನನ್ 1987ರಲ್ಲಿ ಮೌಂಟನ್ನೇ ಬದಲಿಸಿತು. ಹಳೆಯ ಎಫ್‌ಡಿ ಲೆನ್ಸ್ ಅದರ ಡಿಎಸ್ಎಲ್ಆರ್‌ಗೆ ನೇರವಾಗಿ ಕೂರದು. ಮಿರರ್‌ಲೆಸ್ ಕ್ಯಾಮೆರಾ ಆದರೆ ಅಡಾಪ್ಟರ್ ಹಾಕಿ ಬಳಸಬಹುದು, ಫೋಕಸ್ ಮಾತ್ರ ಕೈಯಲ್ಲೇ.

ಎರಡನೆಯದು ಸೆನ್ಸರ್ ಅಳತೆ. ಫಿಲ್ಮ್ ಫ್ರೇಮ್ 36×24 ಮಿ.ಮೀ. ಕಡಿಮೆ ಬೆಲೆಯ ಹಲವು ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಅದಕ್ಕಿಂತ ಚಿಕ್ಕದು. ಅದರಲ್ಲಿ 28 ಮಿ.ಮೀ. ಲೆನ್ಸ್ ಸುಮಾರು 42 ಮಿ.ಮೀ.ನಷ್ಟೇ ನೋಟ ಕೊಡುತ್ತದೆ. ಮೊದಲು ಇಡೀ ಮನೆಮಂದಿಯನ್ನು ಹಿಡಿಯುತ್ತಿದ್ದ ಲೆನ್ಸ್‌ನಲ್ಲಿ ಈಗ ಅಂಚಿನವರು ಹೊರಗುಳಿಯುತ್ತಾರೆ! ಹಳೆಯ ನೋಟವೇ ಬೇಕಿದ್ದರೆ ಫುಲ್ ಫ್ರೇಮ್ ಬೇಕು.

ಇನ್ನು ಮೆಗಾಪಿಕ್ಸೆಲ್? 12 ಮೆಗಾಪಿಕ್ಸೆಲ್ ಎಂದರೆ ಸುಮಾರು 4000×3000 ಚುಕ್ಕಿಗಳು. ಇಂಚಿಗೆ 300 ಚುಕ್ಕಿಯಂತೆ 13×10 ಇಂಚಿನ ಪ್ರಿಂಟ್‌ಗೆ ಅಷ್ಟು ಸಾಕು.

ಆದ್ದರಿಂದ ಲೆನ್ಸ್ ಮಾರುವ ಮುನ್ನ ಅದನ್ನು ಅಂಗಡಿಗೆ ಒಯ್ಯಿರಿ. ಹೊಂದುತ್ತದೆಯೇ ಎಂದು ಕೇಳಿ, ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.