ಗುಡಾರ ಯಾರದು, ಕಾಡು ಯಾರದು?

ಬೇಸಿಗೆ ರಜೆ ಹತ್ತಿರವಾದರೆ ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯ ಮನೆಗಳಲ್ಲಿ ಒಂದೇ ಮಾತು: ಈ ಸಲ ಎಲ್ಲಿಗೆ? ಅಜ್ಜಿಯ ಊರಿಗೆ ಹೋಗುವ ಕಾಲ ಮುಗಿಯಿತು. ತುಂಬಾ ಅನುಕೂಲವಿದ್ದವರು ಕೀನ್ಯಾದ ಮಸಾಯಿ ಮಾರಾಕ್ಕೆ ಹೊರಡುತ್ತಾರೆ, ಉಳಿದವರು ಕಬಿನಿಗೆ. ಎರಡೂ ಕಡೆ ಸಿಗುವುದು ಒಂದೇ: ಕಾಡಂಚಿನಲ್ಲೊಂದು ಗುಡಾರ, ಅದರೊಳಗೆ ಮೆತ್ತನೆಯ ಹಾಸಿಗೆ, ಸ್ನಾನಕ್ಕೆ ಬಿಸಿನೀರು, ಬೆಳಿಗ್ಗೆ ಜೀಪಿನಲ್ಲಿ ಸಫಾರಿ. ನಾವೂ ಹಿಂದೆ ಬಿದ್ದವರಲ್ಲ. ಕಬಿನಿ ದಂಡೆಯಲ್ಲಿ ಎರಡು ರಾತ್ರಿ ಗುಡಾರದಲ್ಲಿ ಮಲಗಿ, ಆನೆಗಳ ಹಿಂಡು ಕಂಡು, ಊರಿಗೆಲ್ಲಾ ಫೋಟೊ ತೋರಿಸಿದವರು. ಆದ್ದರಿಂದ ಈ ಮಾತು ಮೊದಲು ನಮಗೇ.

ನಮ್ಮ ಬೀದಿಗಳಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರರು ನೀಲಿ ಟಾರ್ಪಾಲಿನ ಕೆಳಗೆ ಮಲಗುತ್ತಾರೆ. ಅದನ್ನು ಜೋಪಡಿ ಎಂದು ಕರೆದು ಮೂಗು ಮುರಿಯುವ ನಾವೇ, ಕಾಡಿನ ಬಟ್ಟೆಯ ಗೋಡೆಗೆ ರಾತ್ರಿಗೆ ಸಾವಿರಾರು ರೂಪಾಯಿ ಎಣಿಸುತ್ತೇವೆ. ಬಡವನ ಗುಡಾರ ಕೊಳಕು, ಉಳ್ಳವನ ಗುಡಾರ ಪ್ರಕೃತಿ ಪ್ರೇಮ! ಇದೆಂತಹ ನ್ಯಾಯ?

ನಾವು ಮೈಮರೆತು ನೋಡುವ ಕಬಿನಿಯ ಹಿನ್ನೀರು 1974ರಲ್ಲಿ ಮುಗಿದ ಅಣೆಕಟ್ಟಿನದು. ಅದರಡಿ ಕಾಡೂ ಹಳ್ಳಿಗಳೂ ಮುಳುಗಿವೆ. 1971ರವರೆಗೂ ಕಾಕನಕೋಟೆಯಲ್ಲಿ ಖೆಡ್ಡಾ ನಡೆದಾಗ ಆನೆಯ ಜಾಡು ಹಿಡಿದು ಕೊಟ್ಟವರು ಕಾಡು ಕುರುಬರು. ರಾಜರ ಅತಿಥಿಗಳಿಗೆ ಬೇಕಾದ ಇವರೇ ನಂತರ ಕಾಡಿಗೆ ಬೇಡವಾದರು. ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ ನಾಗರಹೊಳೆಯ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳನ್ನು ಎಬ್ಬಿಸಲಾಯಿತು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು.

ಹಾಡಿಗೆ ಜಾಗವಿಲ್ಲದ ಆ ಕಾಡಿನಲ್ಲಿ ಹೋಟೆಲಿಗೆ ಮಾತ್ರ ಜಾಗವಿತ್ತು. 1990ರ ದಶಕದಲ್ಲಿ ರಾಜ್ಯ ಸರ್ಕಾರ ನಾಗರಹೊಳೆಯ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಗುತ್ತಿಗೆ ಕೊಟ್ಟಿತು. ಆದಿವಾಸಿಗಳು ಬೀದಿಗಿಳಿದರು, ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಪೂರ್ವಾನುಮತಿಯಿಲ್ಲದ ಈ ಗುತ್ತಿಗೆ ಕಾನೂನುಬಾಹಿರ ಎಂದು 1997ರಲ್ಲಿ ತೀರ್ಪು ಬಂತು. ಕಾಡು ಉಳಿಸಲು ಕೋರ್ಟಿಗೆ ಹೋದವರು ಯಾರು ಎಂಬುದನ್ನು ನೆನಪಿಡಿ.

ಆಫ್ರಿಕದ ಕಥೆಯೂ ಬೇರೆಯಲ್ಲ. 2022ರ ಜೂನ್‌ನಲ್ಲಿ ತಾಂಜಾನಿಯದ ಲೊಲಿಯೊಂಡೊದಲ್ಲಿ ಮಸಾಯಿ ದನಗಾಹಿಗಳ 1,500 ಚದರ ಕಿಲೋಮೀಟರ್ ಹುಲ್ಲುಗಾವಲನ್ನು ವನ್ಯಜೀವಿ ಪ್ರದೇಶವಾಗಿ ಗುರುತಿಸಲು ಹೊರಟಾಗ ಪೊಲೀಸರ ಗುಂಡೇಟಿಗೆ ಜನ ಗಾಯಗೊಂಡರು. ಪ್ರವಾಸಿಗರ ಮುಂದೆ ಕೆಂಪು ಹೊದಿಕೆಯಲ್ಲಿ ಕುಣಿಯುವ ಮಸಾಯಿ ಬೇಕು, ತನ್ನ ದನ ಮೇಯಿಸುವ ಮಸಾಯಿ ಬೇಡ.

ಪ್ರವಾಸೋದ್ಯಮ ಉದ್ಯೋಗ ಕೊಡುತ್ತದೆ ಎನ್ನುತ್ತಾರೆ. ಕೊಡುತ್ತದೆ, ನಿಜ. ಆದರೆ ಮನೆಯ ಯಜಮಾನನನ್ನು ಹೊರಹಾಕಿ, ಅದೇ ಮನೆಯಲ್ಲಿ ತಟ್ಟೆ ಎತ್ತುವ ಕೆಲಸ ಕೊಡುವುದನ್ನು ಉಪಕಾರ ಎನ್ನಲಾದೀತೇ? ಜನರಿದ್ದರೆ ಹುಲಿ ಉಳಿಯದು ಎನ್ನುವವರು ಬಿಳಿಗಿರಿರಂಗನಬೆಟ್ಟವನ್ನು ನೋಡಲಿ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಅಲ್ಲಿಂದ ಓಡಿಹೋಗಲಿಲ್ಲ.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಆದರೂ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಿರಿಯರ ನೆಲಕ್ಕೆ ಮರಳಿ ಗುಡಿಸಲು ಹಾಕಿದಾಗ, ಅವರಿಗೆ ಎದುರಾದದ್ದು ಅರಣ್ಯ ಇಲಾಖೆ ಮತ್ತು ಪೊಲೀಸರು. ಹಣ ಕೊಟ್ಟ ನಮ್ಮ ಗುಡಾರಕ್ಕೆ ಸ್ವಾಗತ ಪಾನೀಯ, ಹಿರಿಯರ ಸಮಾಧಿಯಿರುವವರ ಗುಡಿಸಲಿಗೆ ಲಾಠಿಯ ಭಯ!

ಪ್ರವಾಸವೇ ಪಾಪವೆಂದು ನಾವು ಹೇಳುತ್ತಿಲ್ಲ. ಮಕ್ಕಳಿಗೆ ಆನೆ ತೋರಿಸಬೇಕು. ಆದರೆ ಹಾಡಿಗಳ ಹಕ್ಕು ತೀರ್ಮಾನವಾಗುವವರೆಗೆ ಕಾಡಂಚಿನಲ್ಲಿ ಒಂದೂ ಹೊಸ ರೆಸಾರ್ಟ್ ಬೇಡ ಎಂದು ಸರ್ಕಾರಕ್ಕೆ ಹೇಳುವ ಧೈರ್ಯ ಹೋಗಿಬಂದ ನಮಗೇ ಬರಬೇಕು. ಮುಂದಿನ ಸಲ ಗುಡಾರದ ಪರದೆ ಸರಿಸುವ ಮೊದಲು, ಈ ನೆಲದಲ್ಲಿ ಮೊದಲು ಒಲೆ ಹೊತ್ತಿಸಿದವರು ಈಗೆಲ್ಲಿ ಮಲಗಿದ್ದಾರೆಂದು ಒಮ್ಮೆಯಾದರೂ ಕೇಳಿಕೊಳ್ಳೋಣ.