ಹಡಗು ಬಂತು, ಆಯುಧ ಎಲ್ಲಿ?

ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಮ್ಮ ಕಡೆ ಪಾಠ ಸರಿಯಾಗಿ ನಡೆಯಲ್ಲ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಶುರುವಾಯಿತು ಅಂದ್ರೆ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ ತಕ್ಷಣ ಕ್ಲಾಸಿಗೆ ಕ್ಲಾಸೇ ಕಿಟಕಿ ಕಡೆ ತಿರುಗುತ್ತೆ. ಹದ್ದುಗಳು ಹಾರಿ ಬಂದು ವಿಮಾನಕ್ಕೆ ಬಡಿಯಬಾರದು ಅಂತ ಸುತ್ತಮುತ್ತ ಮಾಂಸದ ಅಂಗಡಿಗಳನ್ನೂ ಮುಚ್ಚಿಸುತ್ತಾರೆ. ಹಾಸ್ಟೆಲಿನವರು ಅದನ್ನೂ ಸಹಿಸಿಕೊಂಡು ಟೆರೇಸಿಗೆ ಹತ್ತುತ್ತಾರೆ. ಆಕಾಶದ ಬಗ್ಗೆ ಉತ್ತರ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದ ವಿಷಯಕ್ಕೆ ಬಂದ್ರೆ ಮಾತ್ರ ನಾವು ಅಷ್ಟಕ್ಕಷ್ಟೆ. ಹತ್ತಿರದ ಅಲೆ ನೋಡೋಕೂ ಒಂದು ರಾತ್ರಿ ಬಸ್ಸು ಹಿಡಿಯಬೇಕಾದ ಊರು ನಮ್ಮದು.

ಹಾಗಿದ್ದೂ 2025ರ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಉದಯಗಿರಿ, ಐಎನ್‌ಎಸ್ ಹಿಮಗಿರಿ ಎಂಬ ಎರಡು ಫ್ರಿಗೇಟುಗಳು ಒಂದೇ ದಿನ ನೌಕಾಪಡೆ ಸೇರಿದಾಗ ನಮ್ಮ ಕ್ಯಾಂಟೀನಿನಲ್ಲೂ ಚರ್ಚೆ ಜೋರಾಗಿತ್ತು. ಚೀನಾ ಹತ್ರ 370ಕ್ಕಿಂತ ಹೆಚ್ಚು ಹಡಗು ಇದೆಯಂತೆ, ನಮ್ಮದು 2035ಕ್ಕೆ 175 ಆಗುತ್ತಂತೆ, ಸಾಕಾ, ಸಾಲಲ್ವಾ? ಕ್ರಿಕೆಟ್ ಸ್ಕೋರಿನ ಹಾಗೆ ಸಂಖ್ಯೆಗಳು ಹಾರಾಡಿದವು. ಕಾಫಿ ಮುಗಿಯಿತು, ವಾದ ಮುಗಿಯಲಿಲ್ಲ.

ಅವತ್ತಿನಿಂದ ನಮ್ಮ ತಲೆಯಲ್ಲಿ ಉಳಿದಿರುವ ಮಾತನ್ನು ಇಲ್ಲಿ ಹೇಳ್ತೀವಿ. ನೌಕಾಪಡೆಯ ನಾಳೆಯನ್ನು ಹಡಗಿನ ಲೆಕ್ಕದಲ್ಲಿ ಅಳೆಯುವುದೇ ತಪ್ಪು. ಸೇವೆಗೆ ಸೇರುವ ದಿನ ಆ ಹಡಗಿನಲ್ಲಿ ಏನೇನು ಇದೆ, ಏನೇನು ‘ಆಮೇಲೆ ಬರುತ್ತೆ’ ಅನ್ನುವುದನ್ನು ಕೇಳಬೇಕು. ನಮ್ಮ ಯೋಜನೆಗಳಲ್ಲಿ ಒಡಲು ಮೊದಲು ಬರುತ್ತೆ, ಆಯುಧ ಹಿಂದಿನಿಂದ ಬರುತ್ತೆ, ಕೆಲವೊಮ್ಮೆ ಬರೋದೇ ಇಲ್ಲ. ಛತ್ರ ಬುಕ್ ಆಗಿದೆ, ಲಗ್ನಪತ್ರಿಕೆ ಹಂಚಿ ಆಗಿದೆ, ಗಂಡು ಮಾತ್ರ ಇನ್ನೂ ಗೊತ್ತಾಗಿಲ್ಲ ಅನ್ನೋ ಹಾಗೆ.

ಇದು ಸುಮ್ಮನೆ ಕುಹಕ ಅಲ್ಲ. ಮೂರು ಉದಾಹರಣೆ ನೋಡಿ.

ಮೊದಲನೆಯದು ಐಎನ್‌ಎಸ್ ಕಮೋರ್ಟಾ. ಶತ್ರುವಿನ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದೇ ಇದರ ಕಸುಬು. 2014ರ ಆಗಸ್ಟಿನಲ್ಲಿ ಸೇವೆಗೆ ಸೇರಿದಾಗ ಇದರಲ್ಲಿ ವಿಮಾನ ಹೊಡೆಯುವ ಕ್ಷಿಪಣಿಯೂ ಇರಲಿಲ್ಲ, ಹಡಗಿನ ಹಿಂದೆ ಉದ್ದಕ್ಕೆ ಎಳೆದುಕೊಂಡು ಹೋಗುವ ಸೋನಾರ್ ಕೂಡ ಇರಲಿಲ್ಲ. ದೂರದ ಜಲಾಂತರ್ಗಾಮಿಯ ಸದ್ದು ಕೇಳಿಸಿಕೊಳ್ಳುವುದು ಈ ಎಳೆಯುವ ಸೋನಾರ್‌ನಿಂದ. ಬೇಟೆಗಾರ ಬಂದ, ಒಂದು ಕಿವಿ ಮನೆಯಲ್ಲೇ ಬಿಟ್ಟು ಬಂದ.

ಎರಡನೆಯದು ಕಲ್ವರಿ ಸರಣಿಯ ಜಲಾಂತರ್ಗಾಮಿಗಳು. 1999ರಲ್ಲಿ ಸರ್ಕಾರ ಒಪ್ಪಿದ ಮೂವತ್ತು ವರ್ಷದ ಯೋಜನೆಯ ಪ್ರಕಾರ ನಾವು 24 ಜಲಾಂತರ್ಗಾಮಿ ಕಟ್ಟಬೇಕಿತ್ತು. ಮೊದಲ ಆರಕ್ಕೆ ಒಪ್ಪಂದ ಆಗಿದ್ದು 2005ರಲ್ಲಿ. ಮೊದಲನೆಯದು ಸೇರಿದ್ದು 2017ರ ಡಿಸೆಂಬರ್, ಆರನೆಯದು 2025ರ ಜನವರಿ. ತಡವಾಯಿತು, ಇರಲಿ. ಇವಕ್ಕೆಂದು ಆರಿಸಿದ್ದ ಇಟಲಿಯ ಭಾರೀ ಟಾರ್ಪಿಡೊ ಖರೀದಿ, ಅದರ ಮಾತೃಸಂಸ್ಥೆ ಹೆಲಿಕಾಪ್ಟರ್ ಹಗರಣದಲ್ಲಿ ಸಿಕ್ಕಿಬಿದ್ದ ಕಾರಣಕ್ಕೆ ರದ್ದಾಯಿತು. ಹೊಸ ಜಲಾಂತರ್ಗಾಮಿ ಹಳೆಯ ಟಾರ್ಪಿಡೊ ಹೊತ್ತು ನೀರಿಗಿಳಿಯಿತು. ಡಿಆರ್‌ಡಿಒ ಟಾರ್ಪಿಡೊವನ್ನು ಇವಕ್ಕೆ ಜೋಡಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ. ಅವತ್ತೇ ಇನ್ನೊಂದು ಒಪ್ಪಂದವೂ ಆಯಿತು. ನೀರಿನಡಿ ಹೆಚ್ಚು ದಿನ ಇರಲು ಬೇಕಾದ, ಹೊರಗಿನ ಗಾಳಿ ಬೇಡದ ವಿದ್ಯುತ್ ವ್ಯವಸ್ಥೆಯನ್ನು ಒಳಗೊಂಡ ಹೊಸ ಭಾಗವನ್ನು ಕಟ್ಟಿ ಸೇರಿಸುವುದು. ಸೇರಿಸುವುದು ಹೇಗೆ ಗೊತ್ತಾ? ಇರುವ ಜಲಾಂತರ್ಗಾಮಿಯನ್ನು ನಡುವೆ ಅಡ್ಡಲಾಗಿ ಕತ್ತರಿಸಿ, ಹೊಸ ತುಂಡನ್ನು ಮಧ್ಯೆ ಇಟ್ಟು ಬೆಸೆಯಬೇಕು. ಮೆಕ್ಯಾನಿಕಲ್‌ನವರಿಗೆ ಆ ವೆಲ್ಡಿಂಗಿನ ಕಷ್ಟ ನಾವು ಹೇಳಬೇಕಿಲ್ಲ.

ಮೂರನೆಯದು ನಮ್ಮೆಲ್ಲರ ಹೆಮ್ಮೆಯ ಐಎನ್‌ಎಸ್ ವಿಕ್ರಾಂತ್. 2009ರಲ್ಲಿ ಅಡಿಗಲ್ಲು, 2022ರ ಸೆಪ್ಟೆಂಬರ್ 2ರಂದು ಸೇವೆಗೆ. ವಿಮಾನವಾಹಕ ನೌಕೆಯ ನಿಜವಾದ ಆಯುಧ ಅದರ ಮೇಲಿನ ವಿಮಾನ. ಇಲ್ಲಿ ಬೆಂಗಳೂರಿನ ಪಾಲೂ ಇದೆ. ನಮ್ಮೂರಲ್ಲೇ ರೂಪುಗೊಂಡ ತೇಜಸ್‌ನ ನೌಕಾ ಆವೃತ್ತಿ 2020ರ ಜನವರಿಯಲ್ಲಿ ವಿಕ್ರಮಾದಿತ್ಯದ ಮೇಲೆ, 2023ರ ಫೆಬ್ರವರಿಯಲ್ಲಿ ವಿಕ್ರಾಂತ್ ಮೇಲೆ ಇಳಿಯಿತು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದಕ್ಕೂ ಮೊದಲೇ, 2016ರಲ್ಲೇ, ಈ ವಿಮಾನ ನಮಗೆ ಭಾರ ಜಾಸ್ತಿ, ಯುದ್ಧಕ್ಕೆ ಸಾಲದು ಅಂತ ನೌಕಾಪಡೆ ಹೇಳಿಯಾಗಿತ್ತು. ಅದರ ಮುಂದಿನ, ಎರಡು ಎಂಜಿನ್ನಿನ ವಿಮಾನ ಇನ್ನೂ ವಿನ್ಯಾಸದ ಹಂತದಲ್ಲಿದೆ. ನಡುವಿನ ಕಂದಕ ತುಂಬೋಕೆ 2025ರ ಏಪ್ರಿಲಿನಲ್ಲಿ ಫ್ರಾನ್ಸಿನಿಂದ 26 ರಫೇಲ್‌ಗಳಿಗೆ ಸುಮಾರು 63,000 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಅವು ಬರುವುದು 2028ರಿಂದ. ಅಲ್ಲಿವರೆಗೂ ಹಳೆಯ ಮಿಗ್‌ಗಳೇ ಗತಿ. ಅದರ ಮೇಲೆ ರಫೇಲ್‌ನ ರೆಕ್ಕೆ ಮಡಚುವುದಿಲ್ಲ, ಹಡಗಿನ ಲಿಫ್ಟಿನ ಅಳತೆಯೋ ಎಂದೋ ತೀರ್ಮಾನ ಆಗಿಬಿಟ್ಟಿದೆ. ಯಾವ ವಿಮಾನ ಅಂತ ಗೊತ್ತಾಗುವ ಮೊದಲೇ ಲಿಫ್ಟ್ ಕಟ್ಟಿದರೆ ಆಗುವುದು ಇದೇ.

ಈ ತಪ್ಪು ನಮಗೆ ಹೊಸದಲ್ಲ ಅನ್ನೋದೇ ತಮಾಷೆ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ಪ್ರಾಜೆಕ್ಟ್ ತಂಡ ಒಂದು ಪುಟ್ಟ ರೋಬೋ ಕಟ್ಟಿತು. ಚಾಸಿ ಮೊದಲೇ ಕತ್ತರಿಸಿ, ಬಣ್ಣ ಹೊಡೆದು, ಫೋಟೋನೂ ಹಾಕಿದ್ವಿ. ಸೆನ್ಸರ್ ಆಮೇಲೆ ನೋಡ್ಕೊಂಡ್ರೆ ಆಯ್ತು ಅಂದ್ಕೊಂಡ್ವಿ. ಎಸ್‌ಪಿ ರೋಡ್ ಎಲ್ಲ ಅಲೆದು ಕೊನೆಗೆ ಸಿಕ್ಕಿದ್ದು ಬೇರೆ ಮಾದರಿ. ಭಾರ ಜಾಸ್ತಿ, ಕರೆಂಟ್ ಜಾಸ್ತಿ, ಸ್ಕ್ರೂ ತೂತು ಕೂಡ ಹೊಂದಲಿಲ್ಲ. ಡೆಮೊ ದಿನ ನಮ್ಮ ರೋಬೋ ಒಂದು ಕಡೆ ವಾಲಿಕೊಂಡು ಮೂರು ನಿಮಿಷ ಓಡಿ ಬ್ಯಾಟರಿ ಮುಗಿಸಿತು. ನಾವು ಕಳೆದುಕೊಂಡದ್ದು ಬರೀ ಮಾರ್ಕ್ಸು.

ಹಡಗಿನಲ್ಲೂ ಗಣಿತ ಅದೇ. ರಾಡಾರ್ ಎತ್ತರದಲ್ಲಿ ಇದ್ದಷ್ಟು ದೂರ ಕಾಣುತ್ತೆ, ಆದರೆ ಎತ್ತರದಲ್ಲಿ ಭಾರ ಹೆಚ್ಚಿದಷ್ಟೂ ಗುರುತ್ವ ಕೇಂದ್ರ ಮೇಲಕ್ಕೆ ಹೋಗಿ ಹಡಗು ತೂಗಾಡುತ್ತೆ. ಹೊಸ ರಾಡಾರಿಗೆ ವಿದ್ಯುತ್ ಬೇಕು, ಆ ವಿದ್ಯುತ್ತಿನ ಬಿಸಿ ಇಳಿಸೋಕೆ ತಣ್ಣೀರಿನ ವ್ಯವಸ್ಥೆ ಬೇಕು, ಅದಕ್ಕೆ ಜಾಗ ಬೇಕು. ಒಡಲಿನ ಆಯುಷ್ಯ ಮೂವತ್ತು ವರ್ಷ. ಒಳಗಿನ ಎಲೆಕ್ಟ್ರಾನಿಕ್ಸ್ ಆಯುಷ್ಯ ನಮಗೆಲ್ಲ ಗೊತ್ತೇ ಇದೆ, ನಮ್ಮ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಂದ್ರೆ ಪುಣ್ಯ. ಆದ್ದರಿಂದ ಇವತ್ತು ಒಡಲು ಬರೆಯುವವರು ನಾಳೆಯ ಆಯುಧಕ್ಕೆ ಜಾಗ, ತೂಕ, ವಿದ್ಯುತ್ ಉಳಿಸಿಯೇ ಬರೆಯಬೇಕು.

ಆಯುಧ ಇದ್ದರಷ್ಟೇ ಸಾಲದು, ಎಷ್ಟಿದೆ ಅನ್ನೋದೂ ಮುಖ್ಯ. ಉದಯಗಿರಿಯಂಥ ಫ್ರಿಗೇಟಿನಲ್ಲಿ ಬರಾಕ್-8 ಕ್ಷಿಪಣಿಗೆ 32 ಕೋಶಗಳಿವೆ. ತಪ್ಪಿಹೋಗಬಾರದು ಅಂತ ಒಂದು ಗುರಿಗೆ ಎರಡೆರಡು ಹಾರಿಸಿದರೆ 16 ಗುರಿಗೆ ಎಲ್ಲ ಖಾಲಿ. ಖಾಲಿಯಾದ ಕೋಶವನ್ನು ನಡುಸಮುದ್ರದಲ್ಲಿ ತುಂಬಲು ಬರುವುದಿಲ್ಲ, ಬಂದರಿಗೆ ವಾಪಸ್ ಬರಬೇಕು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹೂತಿಗಳು ಅಗ್ಗದ ಡ್ರೋನ್ ಬಿಡುತ್ತಾ ಹೋದರು, ಅಮೆರಿಕದ ಹಡಗುಗಳು ದುಬಾರಿ ಕ್ಷಿಪಣಿಯಲ್ಲಿ ಅವನ್ನು ಹೊಡೆಯುತ್ತಾ ಹೋದವು. 2024ರ ಏಪ್ರಿಲ್ ಹೊತ್ತಿಗೆ ಸುಮಾರು 100 ಕೋಟಿ ಡಾಲರ್ ಮೊತ್ತದ ಮದ್ದುಗುಂಡು ಖರ್ಚಾಗಿದೆ ಅಂತ ಅಲ್ಲಿನ ನೌಕಾ ಕಾರ್ಯದರ್ಶಿಯೇ ಒಪ್ಪಿಕೊಂಡರು. ಅಷ್ಟು ಶ್ರೀಮಂತರಿಗೇ ಹೀಗಾದರೆ ನಮ್ಮ ಪಾಡು?

ಇಲ್ಲೇ ನಮ್ಮ ಏರಿಯಾ ಕಥೆಯೊಳಗೆ ಬರುತ್ತೆ. ಯಶವಂತಪುರ ದಾಟಿ ಬಿಇಎಲ್ ಸರ್ಕಲ್ಲಿನಲ್ಲಿ ಸಿಗ್ನಲ್‌ಗೆ ಕಾಯುವಾಗ ಪಕ್ಕದ ಆ ಉದ್ದ ಕಾಂಪೌಂಡನ್ನು ನಾವೆಲ್ಲ ನೋಡಿದ್ದೀವಿ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್, ನಮ್ಮ ಯುದ್ಧನೌಕೆಗಳ ಕಣ್ಣು ಕಿವಿ ತಯಾರಿಸುವ ಸಂಸ್ಥೆ. ಕೊಚ್ಚಿಯ ಪ್ರಯೋಗಾಲಯ ರೂಪಿಸಿದ ಹಂಸ ಸೋನಾರ್, ರೇವತಿ ರಾಡಾರ್, ಹಡಗಿನ ತೋಪುಗಳಿಗೆ ಗುರಿ ಹಿಡಿದುಕೊಡುವ ಲಿಂಕ್ಸ್ ವ್ಯವಸ್ಥೆ, ಎಲ್ಲ ಬಿಇಎಲ್‌ನದು. ಉದಯಗಿರಿ ಸೇರಿದಂತೆ ಅದೇ ಸರಣಿಯ ಏಳು ಹಡಗುಗಳ ಬರಾಕ್-8 ವ್ಯವಸ್ಥೆಗೆ 2018ರಲ್ಲಿ ಸುಮಾರು 9,200 ಕೋಟಿ ರೂಪಾಯಿಯ ಒಪ್ಪಂದ ಸಿಕ್ಕಿದ್ದು ಇದಕ್ಕೇ. 2021ರಲ್ಲಿ ಡ್ರೋನ್ ತಡೆಯುವ ವ್ಯವಸ್ಥೆಗೂ ನೌಕಾಪಡೆ ಇದರ ಜೊತೆಯೇ ಸಹಿ ಹಾಕಿತು. ಊರಿನ ಇನ್ನೊಂದು ತುದಿಯಲ್ಲಿ ಎಚ್‌ಎಎಲ್, ವಿಕ್ರಾಂತ್ ಮತ್ತು ಈ ಏಳು ಫ್ರಿಗೇಟುಗಳ ಎಲ್‌ಎಂ-2500 ಗ್ಯಾಸ್ ಟರ್ಬೈನುಗಳನ್ನು ಜೋಡಿಸಿ ಕೊಡುತ್ತೆ. ಅಂದ್ರೆ ಒಡಲು ಮುಂಬೈ, ಕೋಲ್ಕತ್ತ, ಕೊಚ್ಚಿಯದು. ಅದನ್ನು ಯುದ್ಧನೌಕೆ ಮಾಡುವ ಕೆಲಸದ ದೊಡ್ಡ ಪಾಲು ಸಮುದ್ರವೇ ಇಲ್ಲದ ನಮ್ಮೂರಿನದು.

ಆದರೆ ‘ಜೋಡಿಸಿ ಕೊಡುತ್ತೆ’ ಅನ್ನುವ ಪದವನ್ನು ಇನ್ನೊಮ್ಮೆ ಓದಿ. ಎಲ್‌ಎಂ-2500ರ ವಿನ್ಯಾಸ ಅಮೆರಿಕದ್ದು. ನಮ್ಮ ದೊಡ್ಡ ಡೆಸ್ಟ್ರಾಯರುಗಳ ಟರ್ಬೈನ್ ಉಕ್ರೇನಿನದು. ರಷ್ಯಾದಲ್ಲಿ ಕಟ್ಟಿಸಿದ ಐಎನ್‌ಎಸ್ ತುಶಿಲ್‌ಗೂ ಉಕ್ರೇನಿನ ಎಂಜಿನ್ನೇ ಬೇಕಿತ್ತು. ಕ್ರಿಮಿಯಾ ಗಲಾಟೆಯ ನಂತರ ಉಕ್ರೇನ್ ರಷ್ಯಾಕ್ಕೆ ಕೊಡಲ್ಲ ಅಂದಿತು. ಕೊನೆಗೆ ನಾವೇ ಕೊಂಡು ರಷ್ಯಾಕ್ಕೆ ಕಳಿಸಿ, ಹಡಗು ಕೈಗೆ ಬಂದದ್ದು 2024ರ ಡಿಸೆಂಬರ್. ಬೇರೆ ಇಬ್ಬರ ಜಗಳದಲ್ಲಿ ನಮ್ಮ ಹಡಗು ಕಾದು ಕೂತಿತು. ಇದನ್ನು ಯಾವ ಹಡಗಿನ ಸಂಖ್ಯೆಯೂ ಹೇಳಲ್ಲ.

ನಮ್ಮ ವಾದಕ್ಕೆ ಎದುರು ಮಾತು ಇಲ್ಲ ಅಂತಲ್ಲ. ಆಯುಧ ಸಿದ್ಧವಾಗಲಿ ಅಂತ ಕಾದರೆ ಹಡಗುಕಟ್ಟೆ ಖಾಲಿ ಕೂರುತ್ತೆ, ಪಳಗಿದ ವೆಲ್ಡರುಗಳು ಕೈಬಿಟ್ಟು ಹೋಗ್ತಾರೆ, ಅವರನ್ನು ಮತ್ತೆ ತರೋದು ಕಷ್ಟ. ಇದು ನಿಜ. ಬ್ರಿಟಿಷರೂ ತಮ್ಮ ಡೇರಿಂಗ್ ಸರಣಿಯ ಡೆಸ್ಟ್ರಾಯರುಗಳನ್ನು ಹಡಗು ಹೊಡೆಯುವ ಕ್ಷಿಪಣಿಗೆ ಜಾಗ ಮಾತ್ರ ಬಿಟ್ಟು, ಕ್ಷಿಪಣಿ ಇಲ್ಲದೆಯೇ ಸೇವೆಗೆ ತಂದರು. ನಮ್ಮಲ್ಲೂ ಎಲ್ಲ ಕೆಟ್ಟಿಲ್ಲ. 2025ರ ಜನವರಿಯಲ್ಲಿ ಸೇರಿದ ಐಎನ್‌ಎಸ್ ಸೂರತ್ ಅದೇ ಏಪ್ರಿಲಿನಲ್ಲಿ, ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತಿದ್ದ ಗುರಿಯನ್ನು ಕ್ಷಿಪಣಿಯಿಂದ ಹೊಡೆದು ತೋರಿಸಿತು. ಹೀಗೂ ಮಾಡಬಹುದು ಅನ್ನೋದಕ್ಕೆ ಸೂರತ್ತೇ ಸಾಕ್ಷಿ. ಜಾಗ ಬಿಟ್ಟು ಕಟ್ಟುವುದು ಯೋಜನೆ. ಯಾವ ಆಯುಧ, ಯಾವ ವರ್ಷ ಅಂತ ಗೊತ್ತಿಲ್ಲದೆ ಕಟ್ಟುವುದು ಜೂಜು. ಎರಡಕ್ಕೂ ವ್ಯತ್ಯಾಸ ಇದೆ.

ಹಾಗಾಗಿ ನಾವು ಕೇಳೋದು ಮೂರು. ಒಂದು, ಹಡಗಿನ ಮಂಜೂರಾತಿ ಮತ್ತು ಅದರ ಮುಖ್ಯ ಆಯುಧ, ಸೋನಾರ್, ಹೆಲಿಕಾಪ್ಟರುಗಳ ಮಂಜೂರಾತಿ ಒಂದೇ ಕಡತದಲ್ಲಿ, ಒಂದೇ ವೇಳಾಪಟ್ಟಿಯಲ್ಲಿ ಇರಲಿ. ಎರಡು, ಹೊಸ ಸರಣಿ ಬರೆಯುವಾಗ ತೂಕ, ವಿದ್ಯುತ್, ತಂಪುಗಳಲ್ಲಿ ಇಷ್ಟು ಪಾಲು ಖಾಲಿ ಬಿಡಲೇಬೇಕು ಅಂತ ನಿಯಮ ಆಗಲಿ, ಆಮೇಲೆ ಯಾರೂ ಅದನ್ನು ಕಬಳಿಸದಿರಲಿ. ಮೂರು, ಮುಂದಿನ ಹಡಗಿಗೆ ಇಡುವ ಹಣದಲ್ಲಿ ಒಂದು ಭಾಗ ಈಗಿರುವ ಹಡಗುಗಳ ಕೋಶ ತುಂಬೋಕೆ, ನಮ್ಮದೇ ಎಂಜಿನ್ನಿಗೆ ಹೋಗಲಿ. ರಿಬ್ಬನ್ ಕತ್ತರಿಸುವ ಸಮಾರಂಭ ಒಂದು ಕಡಿಮೆ ಆದರೂ ಪರವಾಗಿಲ್ಲ.

ಇಷ್ಟು ಖಾರವಾಗಿ ಹೇಳೋಕೆ ಕಾರಣ ಕಾರವಾರ. ನಮ್ಮ ರಾಜ್ಯದ ಕರಾವಳಿಯಲ್ಲೇ ಐಎನ್‌ಎಸ್ ಕದಂಬ ನೆಲೆ ಇದೆ. 1986ರಲ್ಲಿ ಇಂದಿರಾ ಗಾಂಧಿಯವರು ಇರಲಿಲ್ಲ, ಆದರೆ ಸೀಬರ್ಡ್ ಯೋಜನೆಗೆ ಆಗಲೇ ಶಂಕುಸ್ಥಾಪನೆ ಆಯಿತು, 2005ರಲ್ಲಿ ನೆಲೆ ಕೆಲಸ ಶುರುಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಡ ಬಿಟ್ಟು ಎದ್ದರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಅಲ್ಲಿಂದ ಬಂದವರು ನಮ್ಮ ಹಾಸ್ಟೆಲುಗಳಲ್ಲೂ ಇದ್ದಾರೆ. ಅಷ್ಟು ಕೊಟ್ಟವರ ಮುಂದೆ ಬಂದು ನಿಲ್ಲುವ ಹಡಗು ಅರ್ಧ ಖಾಲಿ ಇರಬಾರದು. ಅದರಲ್ಲಿ ಹೋಗುವ ನಾವಿಕರಿಗೂ ‘ಆಮೇಲೆ ಬರುತ್ತೆ’ ಅನ್ನುವ ಉತ್ತರ ಯುದ್ಧದ ದಿನ ಉಪಯೋಗಕ್ಕೆ ಬರಲ್ಲ.

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬರ್ತಿದೆ. ಮಾನ್ಯತಾ ಟೆಕ್ ಪಾರ್ಕಿನ ಪ್ಯಾಕೇಜ್ ಎಷ್ಟು ಅಂತ ಎಲ್ಲರಿಗೂ ಬಾಯಿಪಾಠ. ಅದು ತಪ್ಪಲ್ಲ, ಮನೆಯ ಸಾಲ ತೀರಬೇಕು. ಆದರೆ ಸಿಗ್ನಲ್ ಪ್ರಾಸೆಸಿಂಗ್ ಓದುವ ಗೆಳೆಯರೇ, ಸಮುದ್ರದ ಗದ್ದಲದಲ್ಲಿ ಒಂದು ಜಲಾಂತರ್ಗಾಮಿಯ ಸದ್ದನ್ನು ಬೇರೆ ಮಾಡುವುದು ನಿಮ್ಮ ಸಿಲಬಸ್ಸಿನದೇ ಪ್ರಶ್ನೆ. ಥರ್ಮಲ್, ಕಂಟ್ರೋಲ್, ಮೆಟೀರಿಯಲ್ಸ್ ಓದುವವರಿಗೂ ಅಷ್ಟೇ ಕೆಲಸ ಅಲ್ಲಿ ಕಾದಿದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಒಮ್ಮೆ ಈ ಕಡೆಯೂ ನೋಡಿ.

ಮುಂದಿನ ಸಲ ಹೊಸ ಹಡಗು ಸೇರ್ಪಡೆ ಆದ ಸುದ್ದಿ ಬಂದಾಗ ಕ್ಯಾಂಟೀನಿನಲ್ಲಿ ಎಷ್ಟನೆಯದು ಅಂತ ಕೇಳಬೇಡಿ. ಒಳಗೆ ಏನಿದೆ, ಯಾವುದು ಇನ್ನೂ ಬಂದಿಲ್ಲ, ಅದನ್ನು ಯಾರು ಮಾಡ್ತಿದ್ದಾರೆ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ನಮ್ಮಲ್ಲೇ ಯಾರಾದರೂ ಆದರೆ ಇನ್ನೂ ಒಳ್ಳೆಯದು. ಕಾಫಿ ನಮ್ಮದು.