ಕಡಿಮೆ ಖರ್ಚಿನ ಪಯಣ ಮತ್ತು ಕರಾವಳಿಯ ಋಣ

ಪ್ರವಾಸಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದು ಪ್ರವಾಸಿಗರ ಜೇಬಿಗಷ್ಟೇ ಸಂಬಂಧಿಸಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದರಲ್ಲಿ ಉಳಿಸಬೇಕು ಎಂಬ ತೀರ್ಮಾನವು ಅವರು ಹಾದುಹೋಗುವ ಊರುಗಳ ದುಡಿಮೆಗೂ ನೆಲಜಲಗಳಿಗೂ ತಾಗುವುದರಿಂದ ಅದು ನೈತಿಕ ಪ್ರಶ್ನೆಯೂ ಆಗಿದೆ. ಬೆನ್ನಿಗೆ ಹೊರುವಷ್ಟೇ ಸಾಮಾನು ಇಟ್ಟುಕೊಂಡು, ಅಗ್ಗದ ಕೋಣೆಗಳಲ್ಲಿ ತಂಗುತ್ತ, ಊರವರು ಉಣ್ಣುವ ಕಡೆಯೇ ಉಣ್ಣುತ್ತ, ದಿನಗಳ ಲೆಕ್ಕವನ್ನು ಸಡಿಲವಾಗಿಟ್ಟುಕೊಂಡು ತಿರುಗುವ ರೂಢಿಗೆ ಬ್ಯಾಕ್‌ಪ್ಯಾಕಿಂಗ್ ಎಂದು ಹೆಸರು. ಇದಕ್ಕೆ ಒಂದು ಹಳೆಯ ಕಾರು ಸೇರಿ, ಮೂರು ನಾಲ್ಕು ಮಂದಿ ಪೆಟ್ರೋಲಿನ ಖರ್ಚು ಹಂಚಿಕೊಂಡು ಮಂಗಳೂರಿನಿಂದ ಕಾರವಾರದವರೆಗೆ ಕಡಲ ಬದಿಯಲ್ಲಿ ಸಾಗುವುದು ಇಂದಿನ ಅನೇಕ ಯುವಜನರ ಬಯಕೆ. ಇಂಥ ಪಯಣವನ್ನು ಐಷಾರಾಮಿ ಪ್ರವಾಸಕ್ಕಿಂತ ಸಾತ್ವಿಕವೆಂದು ಹೊಗಳುವವರಿದ್ದಾರೆ; ಊರಿಗೆ ಕಾಸಿನ ಪ್ರಯೋಜನವಿಲ್ಲದ ಅಲೆದಾಟವೆಂದು ತಳ್ಳಿಹಾಕುವವರೂ ಇದ್ದಾರೆ. ಎರಡು ಪಕ್ಷದವರೂ ಖರ್ಚಿನ ಮೊತ್ತವನ್ನು ಅಳೆಯುತ್ತಾರೆಯೇ ಹೊರತು, ಉಳಿದ ಹಣ ಯಾರ ಪಾಲಿನಿಂದ ಉಳಿಯಿತು ಎಂದು ಕೇಳುವುದಿಲ್ಲ.

ಈ ಪ್ರಶ್ನೆಗೆ ಒಂದು ಇತಿಹಾಸವಿದೆ. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ಸಾವಿರಾರು ತರುಣ ತರುಣಿಯರು ಹಳೆಯ ವ್ಯಾನುಗಳಲ್ಲಿ, ಬಸ್ಸುಗಳಲ್ಲಿ ತುರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಭಾರತಕ್ಕೆ ಬರುತ್ತಿದ್ದರು. ಈ ಮಾರ್ಗವೇ ಹಿಪ್ಪಿ ದಾರಿ ಎಂದು ಪ್ರಸಿದ್ಧವಾಯಿತು. 1972ರಲ್ಲಿ ಟೋನಿ ವೀಲರ್ ಮತ್ತು ಮೌರೀನ್ ವೀಲರ್ ದಂಪತಿ ಲಂಡನ್ನಿನಿಂದ ಹಳೆಯ ಮಿನಿ ವ್ಯಾನೊಂದರಲ್ಲಿ ಹೊರಟು, ಕಾಬೂಲಿನಲ್ಲಿ ಅದನ್ನು ಮಾರಿ, ಏಷ್ಯಾವನ್ನು ದಾಟಿ ಆಸ್ಟ್ರೇಲಿಯಾ ತಲುಪಿದರು. ಮರುವರ್ಷ ಅವರು ಪ್ರಕಟಿಸಿದ ಅಗ್ಗದ ಪ್ರವಾಸದ ಕೈಪಿಡಿಯಿಂದ ಲೋನ್ಲಿ ಪ್ಲಾನೆಟ್ ಎಂಬ ಪ್ರಕಾಶನ ಸಂಸ್ಥೆ ಹುಟ್ಟಿತು. 1979ರ ಇರಾನ್ ಕ್ರಾಂತಿ ಮತ್ತು ಅದೇ ವರ್ಷದ ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶದಿಂದ ಆ ದಾರಿ ಮುಚ್ಚಿಹೋದರೂ ಅದು ರೂಪಿಸಿದ ಪ್ರವಾಸದ ರೀತಿ ಉಳಿಯಿತು. ಗೋವಾದ ಕಡಲತೀರಗಳು ಕಿಕ್ಕಿರಿದ ಮೇಲೆ ಅದೇ ರೀತಿ ಗೋಕರ್ಣದ ಕುಡ್ಲೆ, ಓಂ ತೀರಗಳಿಗೂ ಇಳಿದುಬಂತು. ಆ ಪ್ರವಾಸಿಗರು ಸುಖವನ್ನು ಬಿಟ್ಟುಕೊಟ್ಟದ್ದು ನಿಜ. ಆದರೆ ಅವರಿಗೆ ಇಲ್ಲಿ ಎಲ್ಲವೂ ಅಗ್ಗವಾಗಿ ಕಂಡದ್ದಕ್ಕೆ ಅವರ ಸರಳತೆಯೊಂದೇ ಕಾರಣವಲ್ಲ. ಪೌಂಡು, ಮಾರ್ಕುಗಳಿಗೂ ರೂಪಾಯಿಗೂ ಇದ್ದ ಅಂತರ, ಅಡುಗೆಯವನಿಂದ ಹಿಡಿದು ಕೋಣೆ ಗುಡಿಸುವವಳವರೆಗೆ ಇಲ್ಲಿನವರ ದುಡಿಮೆಗೆ ಸಿಗುತ್ತಿದ್ದ ಅಲ್ಪ ಕೂಲಿ ಅದರ ದೊಡ್ಡ ಪಾಲು.

ಕಡಿಮೆ ಖರ್ಚಿನಲ್ಲಿ ದೂರ ಹೋಗುವುದನ್ನು ಕನ್ನಡ ನಾಡು ಹಿಪ್ಪಿಗಳಿಂದ ಕಲಿಯಬೇಕಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬುತ್ತಿ ಕಟ್ಟಿಕೊಂಡು ಗೋಕರ್ಣಕ್ಕೋ ಉಡುಪಿಗೋ ಕೊಲ್ಲೂರಿಗೋ ನಡೆದುಹೋದ ಯಾತ್ರಿಕರಿಗೆ ಧರ್ಮಛತ್ರಗಳು ನೆರಳು ಕೊಟ್ಟವು, ಅರವಟ್ಟಿಗೆಗಳು ನೀರು ಕೊಟ್ಟವು, ದೇವಸ್ಥಾನಗಳು ಊಟ ಹಾಕಿದವು. ಯಾತ್ರಿಕರು ತಮ್ಮ ಶಕ್ತ್ಯನುಸಾರ ಕಾಣಿಕೆ ಸಲ್ಲಿಸಿದರು, ಊರಿಗೆ ಮರಳಿದ ಮೇಲೆ ತಮ್ಮ ಮನೆಬಾಗಿಲಿಗೆ ಬಂದ ದಾರಿಹೋಕರಿಗೆ ಅನ್ನ ಹಾಕಿದರು. ಜಾತಿಯ ಕಟ್ಟುಪಾಡು ಆ ವ್ಯವಸ್ಥೆಯ ದೊಡ್ಡ ದೋಷವಾಗಿತ್ತು, ಪಂಕ್ತಿಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಆದರೂ ಪಡೆದುದನ್ನು ಎಲ್ಲಾದರೊಂದು ಕಡೆ ತೀರಿಸಬೇಕು ಎಂಬ ಋಣಭಾವ ಅದರ ತಳಹದಿಯಲ್ಲಿತ್ತು, ಮತ್ತು ಆಧುನಿಕ ಅಗ್ಗದ ಪ್ರವಾಸದಲ್ಲಿ ಇಲ್ಲವಾಗಿರುವುದು ಬಹುಮಟ್ಟಿಗೆ ಇದೇ.

ಕರ್ನಾಟಕದ ಕರಾವಳಿಯನ್ನು ತಲಪಾಡಿಯಿಂದ ಮಾಜಾಳಿಯವರೆಗೆ ಜೋಡಿಸುವುದು ರಾಷ್ಟ್ರೀಯ ಹೆದ್ದಾರಿ 66. ಇಲ್ಲಿ ಮೊದಲು 17 ಎಂಬ ಸಂಖ್ಯೆಯಿದ್ದ ಈ ದಾರಿ ಮಹಾರಾಷ್ಟ್ರದ ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಹಬ್ಬಿದ್ದು, ರಾಜ್ಯದೊಳಗೆ ಸುಮಾರು 300 ಕಿ.ಮೀ. ಉದ್ದಕ್ಕೆ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಒಂದಾದ ಮೇಲೊಂದು ನದಿಯನ್ನು ದಾಟುತ್ತದೆ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಇದ್ದು, ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ ಹೆದ್ದಾರಿ ಸಾಗುತ್ತದೆ. ಹೊಸ ಕಾರಿನಲ್ಲಿ ಹವಾನಿಯಂತ್ರಣ ಹಾಕಿಕೊಂಡು ಗಾಜು ಏರಿಸಿ ಕುಳಿತವರು ಇಷ್ಟನ್ನೂ ಒಂದು ಹಗಲಿನಲ್ಲಿ ಮುಗಿಸಬಹುದು. ಅನೇಕರು ಮುಗಿಸುತ್ತಾರೆ, ಮತ್ತು ಮರವಂತೆಯಲ್ಲಿ ತೆಗೆದ ಒಂದು ಚಿತ್ರದ ಹೊರತು ಅವರಿಗೆ ಬೇರೇನೂ ದಕ್ಕಿರುವುದಿಲ್ಲ.

ಹಳೆಯ ಕಾರಿನಲ್ಲಿ ಅದು ಸಾಧ್ಯವಿಲ್ಲ, ಮತ್ತು ಆ ಅಸಾಧ್ಯತೆಯೇ ಅದರ ಮುಖ್ಯ ಗುಣ. ಮಾರುತಿ 800ನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು: 1983ರ ಡಿಸೆಂಬರಿನಿಂದ 2014ರ ಆರಂಭದವರೆಗೆ ತಯಾರಾದ, 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನಿನ ಈ ಕಾರಿನ ಕೊನೆಯ ತಂಡಕ್ಕೂ ಈಗ ಹತ್ತು ವರ್ಷ ದಾಟಿದೆ. ನಾಲ್ವರು ಮತ್ತು ಅವರ ಚೀಲಗಳನ್ನು ಹೊತ್ತು ಮಾರ್ಚ್ ತಿಂಗಳ ಸೆಕೆಯಲ್ಲಿ ಅದು ಏರು ಹತ್ತುವಾಗ ಉಷ್ಣಮಾಪಕದ ಮುಳ್ಳು ನಿಧಾನವಾಗಿ ಮೇಲೇರುತ್ತದೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೂ ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆರೆಯುವಂತಿಲ್ಲ, ಏಕೆಂದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಆರುವವರೆಗೆ ಕಾಯಬೇಕು, ಆಮೇಲೆ ಹತ್ತಿರದ ಗ್ಯಾರೇಜು ಹುಡುಕಬೇಕು. ಅಲ್ಲಿಯ ಮೆಕ್ಯಾನಿಕ್ ಬೆರಳಿನಿಂದ ಹೋಸ್ ಪೈಪನ್ನು ಹಿಸುಕಿ ನೋಡಿ, ಕ್ಲಿಪ್ಪಿನ ಬುಡದಲ್ಲಿ ಬಿಟ್ಟ ಸಣ್ಣ ಬಿರುಕನ್ನು ತೋರಿಸಿ, ಫ್ಯಾನು ತಿರುಗುತ್ತಿದೆಯೇ, ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾನೆ. ದಶಕಗಟ್ಟಲೆ ದೇಶದ ಎಲ್ಲೆಡೆ ಓಡಿದ ವಾಹನವಾದ್ದರಿಂದ ಅದರ ಅಂಗಾಂಗಗಳ ಪರಿಚಯ ಸಣ್ಣ ಊರಿನ ಮೆಕ್ಯಾನಿಕ್‌ಗೂ ಇರುತ್ತದೆ. ಬಿಡಿಭಾಗ ಅಂಗಡಿಯಲ್ಲಿ ಸಿಗದಿದ್ದರೆ ಗುಜರಿಯಲ್ಲಾದರೂ ಸಿಗುತ್ತದೆ. ಗಣಕಯಂತ್ರ ಜೋಡಿಸದೆ ದೋಷವನ್ನೇ ಹೇಳದ ಹೊಸ ವಾಹನಗಳು ಕಂಪನಿಯ ಸರ್ವಿಸ್ ಕೇಂದ್ರವಿರುವ ದೊಡ್ಡ ಊರನ್ನೇ ಬೇಡುತ್ತವೆ.

ಹೀಗೆ ಕಾಯುವ ಹೊತ್ತಿನಲ್ಲಿ ಪ್ರವಾಸಿಗರು ಗಿರಾಕಿಯ ಸ್ಥಾನದಿಂದ ಇಳಿದು ಸಹಾಯ ಬೇಡುವವರಾಗುತ್ತಾರೆ. ಹಣ ತೆತ್ತು ಸೇವೆ ಪಡೆಯುವವರಿಗೆ ಊರು ತನ್ನ ಸಜ್ಜುಗೊಳಿಸಿದ ಮುಖವನ್ನು ತೋರಿಸುತ್ತದೆ; ನೆರವು ಬೇಕಾದವರಿಗೆ ಅದರ ನಿತ್ಯದ ಮುಖ ಕಾಣುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದು ಮೀನಿನ ಊಟದ ದರವನ್ನು ಹೇಗೆ ಏರಿಸುತ್ತದೆ, ಆ ಎರಡು ತಿಂಗಳು ಬಂದರಿನ ಕೂಲಿಗಳು ಎಲ್ಲಿಗೆ ಹೋಗುತ್ತಾರೆ ಎಂಬುದು ಗ್ಯಾರೇಜಿನ ಬೆಂಚಿನ ಮೇಲೆ ತಿಳಿಯುವಷ್ಟು ಚೆನ್ನಾಗಿ ರೆಸಾರ್ಟಿನ ಸ್ವಾಗತಕೋಣೆಯಲ್ಲಿ ತಿಳಿಯದು. ಹೆದ್ದಾರಿಯಿಂದ ಇಳಿದು ಅಘನಾಶಿನಿಯ ಅಳಿವೆಯ ಕಡೆಗೆ, ಅಂದರೆ ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಜಾಗಕ್ಕೆ, ಹೋದವರಿಗೆ ಗಜನಿ ಗದ್ದೆಗಳು ಕಾಣುತ್ತವೆ. ಕಡಲ ಭರತದ ನೀರನ್ನು ಒಡ್ಡು ಮತ್ತು ತೂಬುಗಳಿಂದ ಹಿಡಿತದಲ್ಲಿಟ್ಟು, ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು ಸೀಗಡಿ ಹಿಡಿಯುವ ಆ ಜಾಣ್ಮೆ ತಲೆಮಾರುಗಳ ಗಳಿಕೆ. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಮೊಣಕಾಲುದ್ದದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ನದಿಯ ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಮಹತ್ವವುಳ್ಳ ಜೌಗುಪ್ರದೇಶವೆಂದು ಗುರುತಿಸಲಾಗಿದೆ. ಇಲ್ಲಿ ಟಿಕೆಟ್ಟಿಲ್ಲ, ಗೈಡಿಲ್ಲ. ಬೇಕಾದದ್ದು ಸಮಯ ಮಾತ್ರ, ಅದು ಬಡ ಪ್ರವಾಸಿಗರ ಬಳಿ ಸಾಮಾನ್ಯವಾಗಿ ಇರುತ್ತದೆ.

ಹೆಚ್ಚು ಖರ್ಚು ಮಾಡುವವರು ಬಂದರೆ ಮಾತ್ರ ಕರಾವಳಿ ಉದ್ಧಾರವಾಗುತ್ತದೆ ಎಂಬ ವಾದ ಪ್ರವಾಸೋದ್ಯಮದ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅರ್ಥಶಾಸ್ತ್ರದಲ್ಲಿ ಸೋರಿಕೆ ಎಂಬ ಪರಿಕಲ್ಪನೆಯಿದೆ: ಪ್ರವಾಸಿಗರು ತೆತ್ತ ಹಣದಲ್ಲಿ ಆ ಊರಿನಲ್ಲಿ ಉಳಿಯದೆ ಹೊರಗಿನ ಮಾಲೀಕರಿಗೆ, ಹೊರಗಿನಿಂದ ತರಿಸಿದ ಸಾಮಗ್ರಿಗೆ, ದೂರದ ಬುಕಿಂಗ್ ಕಂಪನಿಯ ಕಮಿಷನ್ನಿಗೆ ಹರಿದುಹೋಗುವ ಪಾಲನ್ನು ಹಾಗೆ ಕರೆಯುತ್ತಾರೆ. ಊರಿನ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರಿಗೆ ಕೊಟ್ಟ ನೂರು ರೂಪಾಯಿ ಸಂಜೆಯೊಳಗೆ ಮೀನು ಮಾರುವವಳಿಗೆ, ಅಕ್ಕಿ ಅಂಗಡಿಗೆ, ಪಾತ್ರೆ ತೊಳೆಯುವವಳ ಕೂಲಿಗೆ ಹಂಚಿಹೋಗುತ್ತದೆ; ಹೊರಗಿನ ಬಂಡವಾಳದ ಐಷಾರಾಮಿ ಹೋಟೆಲಿಗೆ ಕೊಟ್ಟ ದೊಡ್ಡ ಮೊತ್ತದ ಬಹುಪಾಲು ಆ ತಾಲ್ಲೂಕಿನ ಗಡಿ ದಾಟಿಬಿಡುತ್ತದೆ. ಆದ್ದರಿಂದ ಮೊತ್ತ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಸಣ್ಣ ಪ್ರವಾಸಿಗರನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಆದರೆ ಈ ಸಮರ್ಥನೆಗೆ ಒಂದು ಷರತ್ತಿದೆ. ತಮ್ಮ ಸುಖದಲ್ಲಿ ಉಳಿಸುವುದು ಮಿತವ್ಯಯ. ಬೇರೆಯವರ ದುಡಿಮೆಯಲ್ಲಿ, ಬೇರೆಯವರ ನೆಲದಲ್ಲಿ ಉಳಿಸುವುದು ಶೋಷಣೆ. ಫ್ಯಾನಿನ ಕೋಣೆ ಸಾಕು ಎನ್ನುವುದು, ಮಧ್ಯಾಹ್ನ ಬನ್ಸ್ ಚಹಾದಲ್ಲಿ ಹೊತ್ತು ಕಳೆಯುವುದು ಮೊದಲನೆಯ ಬಗೆಯವು. ಬುಟ್ಟಿ ಹೊತ್ತು ಬಿಸಿಲಲ್ಲಿ ಬಂದ ಮೀನುಗಾರ್ತಿಯೊಂದಿಗೆ ಹತ್ತು ರೂಪಾಯಿಗೆ ಹಟಹಿಡಿದು ಚೌಕಾಸಿ ಮಾಡುವುದು, ಹಣವಿದ್ದೂ ಮಠದ ಅನ್ನಪ್ರಸಾದವನ್ನು ದಿನದ ಖರ್ಚು ಇಳಿಸುವ ಉಪಾಯವನ್ನಾಗಿ ಮಾಡಿಕೊಂಡು ಕಾಣಿಕೆ ಡಬ್ಬಿಯನ್ನು ಕಾಣದಂತೆ ಹೊರಬರುವುದು, ಮರಳಿನ ಮೇಲೆ ಡೇರೆ ಹಾಕಿ ಶೌಚಕ್ಕೆ ಗಾಳಿತೋಪನ್ನು ಬಳಸಿ ಬಾಟಲಿಗಳನ್ನು ಅಲ್ಲೇ ಬಿಟ್ಟುಹೋಗುವುದು ಎರಡನೆಯ ಬಗೆಯವು. ಮರುದಿನ ಆ ಕಸವನ್ನು ಹೆಕ್ಕುವವರು ಪಂಚಾಯಿತಿಯ ಪೌರಕಾರ್ಮಿಕರು. ಪ್ರವಾಸಿಗರು ಉಳಿಸಿದ ಹಣ ಅವರ ಬೆನ್ನುನೋವಾಗಿ ಪರಿಣಮಿಸುತ್ತದೆ. ಕಾರನ್ನು ನೇರ ಮರಳಿಗೆ ಇಳಿಸುವ ಚಟವಂತೂ ಎಲ್ಲ ರೀತಿಯಿಂದಲೂ ಖಂಡನೀಯ. ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರ, ಕಾರವಾರಗಳ ತೀರದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮರಳು ತೋಡಿ ಮೊಟ್ಟೆಯಿಡುತ್ತವೆ, ಒಂದೂವರೆ ಎರಡು ತಿಂಗಳು ಆ ಮೊಟ್ಟೆಗಳು ಕಣ್ಣಿಗೆ ಕಾಣದೆ ಮರಳಿನೊಳಗಿರುತ್ತವೆ, ಮತ್ತು ಅವುಗಳ ಮೇಲೆ ಹಾದ ಚಕ್ರಕ್ಕೆ ತಾನು ಮಾಡಿದ್ದೇನೆಂದು ಗೊತ್ತೂ ಆಗುವುದಿಲ್ಲ.

ಬ್ರೇಕು ಮತ್ತು ಟೈರುಗಳಲ್ಲಿ ಮಾಡುವ ಉಳಿತಾಯವನ್ನೂ ಇದೇ ಸಾಲಿಗೆ ಸೇರಿಸಬೇಕು. ಉಪ್ಪು ಬೆರೆತ ತೇವಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹಳೆಯ ಕಾರಿನ ತಳ, ಬ್ರೇಕ್ ಪೈಪುಗಳು, ಸಸ್ಪೆನ್ಷನ್ನಿನ ಕೀಲುಗಳು ಕರಾವಳಿಯಲ್ಲಿ ಒಳಗಿಂದೊಳಗೇ ಸವೆಯುತ್ತವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಬಳಿಕ ಆರ್‌ಟಿಒ ತಪಾಸಣೆಯಲ್ಲಿ ಯೋಗ್ಯವೆಂದು ತೇರ್ಗಡೆಯಾದರಷ್ಟೇ ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮವನ್ನು ಕಿರುಕುಳವೆಂದು ಬಗೆಯುವವರು, ಶಾಲೆ ಬಿಟ್ಟ ಮಕ್ಕಳು ಹೆದ್ದಾರಿ ದಾಟುವ ಸಂಜೆಯ ಹೊತ್ತನ್ನು ನೆನೆಯಬೇಕು. ಹೊಗೆಯ ಆಕ್ಷೇಪವೂ ನ್ಯಾಯವಾದದ್ದೇ. 2020ರ ಏಪ್ರಿಲ್‌ನಿಂದ ಜಾರಿಯಾದ ಭಾರತ್ ಸ್ಟೇಜ್ 6 ಮಾನದಂಡದ ಮುಂದೆ ಹಳೆಯ ಎಂಜಿನ್ನುಗಳು ಹೆಚ್ಚು ಕೊಳಕು; ಇರುವ ಕಾರನ್ನು ಬಾಳಿಸುವುದರಿಂದ ಹೊಸದರ ತಯಾರಿಕೆಯ ಭಾರ ತಪ್ಪುತ್ತದೆ ಎಂಬ ಮಾತು ನಿಜವಾದರೂ ಅದು ಈ ಕೊಳಕನ್ನು ತೊಳೆಯದು. 1998ರಿಂದ ಪೂರ್ಣವಾಗಿ ಓಡುತ್ತಿರುವ ಕೊಂಕಣ ರೈಲು ಮತ್ತು ಸರ್ಕಾರಿ ಬಸ್ಸು ಇದಕ್ಕಿಂತ ಅಗ್ಗ, ಇದಕ್ಕಿಂತ ಸ್ವಚ್ಛ. ಒಬ್ಬಂಟಿಯಾಗಿ ಅಥವಾ ಇಬ್ಬರೇ ಹೊರಟವರು ಅವುಗಳಲ್ಲೇ ಹೋಗುವುದು ಒಳ್ಳೆಯದು. ಕಾರಿನ ಎಲ್ಲ ಸೀಟುಗಳೂ ತುಂಬಿ, ಬಸ್ಸು ವಿರಳವಾದ ಒಳದಾರಿಗಳಿಗೆ ಇಳಿಯುವ ಉದ್ದೇಶವಿದ್ದಾಗ ಮಾತ್ರ ಹಳೆಯ ಕಾರಿಗೆ ಸಮರ್ಥನೆ ದೊರೆಯುತ್ತದೆ.

ನಿಧಾನವಾಗಿ ಹೋಗುವವರ ಪಾಲಿಗೆ ಈ ಹೆದ್ದಾರಿ ದಿನೇ ದಿನೇ ನಿಷ್ಠುರವಾಗುತ್ತಿದೆ. ಚತುಷ್ಪಥ ಮಾಡುವಾಗ ಸಾಲುಮರಗಳು ಹೋದವು, ಮೇಲ್ಸೇತುವೆಗಳು ಪೇಟೆಗಳ ತಲೆಯ ಮೇಲೆ ಹಾದವು, ಗುಡ್ಡಗಳನ್ನು ಕಡಿದಾಗಿ ಕತ್ತರಿಸಲಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡವು ರಸ್ತೆ ಬದಿಯ ಚಹಾ ಅಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ, ಅಲ್ಲಿ ನಿಂತಿದ್ದ ಲಾರಿಗಳನ್ನೂ ಗಂಗಾವಳಿಯ ಕಡೆಗೆ ಒಯ್ದಿತು. ಸುಮಾರು ಮೂರು ವಾರಗಳ ಬಳಿಕ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಮುರಿದುಬಿತ್ತು. ದೂರದ ಚಾಲಕರಿಗೂ ಬಡ ಪ್ರವಾಸಿಗರಿಗೂ ಈ ದಾರಿಯಲ್ಲಿ ಆಸರೆಯಾಗಿದ್ದದ್ದು ಇಂಥ ಚಹಾ ಅಂಗಡಿಗಳೇ; ಯೋಜನೆಯ ನಕ್ಷೆಗಳಲ್ಲಿ ಅವುಗಳಿಗೆ ಜಾಗವಿಲ್ಲ.

ಕರಾವಳಿಯ ಪ್ರವಾಸೋದ್ಯಮಕ್ಕೆ ಹಣ ತೆಗೆದಿರಿಸುವಾಗ ಸರ್ಕಾರವು ಕಡಲಂಚಿನ ಹೊಸ ರೆಸಾರ್ಟುಗಳಿಗಿಂತ ಮೊದಲು ಹೆದ್ದಾರಿಯ ಉದ್ದಕ್ಕೂ ಗುಡ್ಡದ ಬುಡದಿಂದ ದೂರವಾದ ಸುರಕ್ಷಿತ ತಂಗುದಾಣಗಳನ್ನು, ಕುಡಿಯುವ ನೀರನ್ನು, ಹೆಂಗಸರು ಅಳುಕಿಲ್ಲದೆ ಬಳಸಬಹುದಾದ ಶೌಚಾಲಯಗಳನ್ನು, ಸ್ಥಳೀಯರೇ ನಡೆಸುವ ಚಹಾ ಅಂಗಡಿಗಳಿಗೆ ಕಾಯಂ ಜಾಗವನ್ನು ಒದಗಿಸಬೇಕು. ಅವು ಹಳೆಯ ಕಾರಿನ ಪ್ರವಾಸಿಗರಿಗೆ ವರ್ಷಕ್ಕೊಮ್ಮೆ ಬೇಕಾದರೆ, ಲಾರಿ ಚಾಲಕರಿಗೂ ಮೀನು ಸಾಗಿಸುವವರಿಗೂ ದಿನವೂ ಬೇಕು.